ಕಡಿಮೆ ಓಡಿದ ಹಳೆಯ ಕಾರು: ಎಂಜಿನ್ನಿನಲ್ಲಿ ಮೊದಲು ಬದಲಿಸಬೇಕಾದ ಭಾಗಗಳು

ಮೈಸೂರಿನಲ್ಲಿ ಯಾರದೋ ಷೆಡ್ಡಿನಲ್ಲಿ ನಿಂತಿದ್ದ ಮಾರುತಿ 800 ಕಾರೊಂದನ್ನು ಕೊಂಡು ನೀವು ಹಂಗಳಕ್ಕೆ ತಂದಿದ್ದೀರಿ ಎನ್ನಿ. ಮೀಟರಿನಲ್ಲಿ 32,000 ಕಿಲೋಮೀಟರು ಮಾತ್ರ. ‘ಗಾಡಿ ಹೊಸದರಂತಿದೆ’ ಎಂದು ನೆಚ್ಚಬೇಡಿರಿ. 1983ರಲ್ಲಿ ಆರಂಭವಾದ ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಅಂದಮೇಲೆ ಅತಿ ಈಚಿನದಕ್ಕೂ ಹತ್ತು ವರ್ಷ ದಾಟಿದೆ.

ಪಿಸ್ಟನ್, ಬೇರಿಂಗುಗಳು ಓಡಿದಷ್ಟು ಸವೆಯುತ್ತವೆ. ರಬ್ಬರು ಹಾಗಲ್ಲ, ನಿಂತಲ್ಲೇ ಮುಪ್ಪಾಗುತ್ತದೆ. ಬಿಸಿಲಿಗೆ ಬಿದ್ದ ಹನಿ ನೀರಾವರಿ ಪೈಪು ಸೆಟೆದು ಸೀಳುವುದನ್ನು ನೀವು ಕಂಡಿದ್ದೀರಿ. ಎಂಜಿನ್ನಿನ ಬೆಲ್ಟು, ಹೋಸುಗಳೂ ಶಾಖಕ್ಕೆ, ಗಾಳಿಗೆ ಹಾಗೆಯೇ ಆಗುತ್ತವೆ. ಬಹಳ ದಿನ ನಿಂತ ಗಾಡಿಯ ಆಯಿಲ್ ಸೀಲುಗಳು ಎಣ್ಣೆ ತಾಗದೆ ಒಣಗಿ, ಓಡಿಸತೊಡಗಿದ ಮೇಲೆ ಸೋರುವುದುಂಟು.

ಮೊದಲ ಖರ್ಚು ಟೈಮಿಂಗ್ ಬೆಲ್ಟಿಗೆ ಇರಲಿ. ಇದು ವಾಲ್ವುಗಳ ಚಲನೆಯನ್ನು ಪಿಸ್ಟನ್ನಿನ ಚಲನೆಗೆ ಹೊಂದಿಸುತ್ತದೆ. ಹರಿದರೆ ಎಂಜಿನ್ ಅಲ್ಲೇ ನಿಲ್ಲುತ್ತದೆ. ಅನೇಕ ಎಂಜಿನ್ನುಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿದು ಬಾಗುತ್ತದೆ. ಇದರ ಬದಲಾವಣೆಗೆ ತಯಾರಕರು ಕಿಲೋಮೀಟರು, ವರ್ಷ ಎರಡನ್ನೂ ಹೇಳಿರುತ್ತಾರೆ. ಯಾವುದು ಮೊದಲು ಬರುವುದೋ ಅದೇ ಲೆಕ್ಕ. ಹಿಂದಿನ ಮಾಲೀಕರ ಬಳಿ ರಸೀದಿ ಇಲ್ಲವಾದರೆ ಬದಲಾಗಿಲ್ಲವೆಂದೇ ತಿಳಿಯಿರಿ. ಬಿಚ್ಚಿದಾಗಲೇ ಟೆನ್ಷನರ್, ಮುಂಭಾಗದ ಆಯಿಲ್ ಸೀಲುಗಳನ್ನೂ ಹಾಕಿಸಿರಿ. ವಾಟರ್ ಪಂಪನ್ನು ಪರೀಕ್ಷಿಸಿ, ಸೋರಿಕೆಯ ಕಲೆಯೋ ಸದ್ದೋ ಕಂಡರೆ ಬದಲಿಸಿರಿ. ಒಂದೇ ಕೂಲಿಯಲ್ಲಿ ಎಲ್ಲ ಮುಗಿಯುತ್ತದೆ.

ಆಮೇಲೆ ರೇಡಿಯೇಟರ್ ಹೋಸುಗಳು. ಎಂಜಿನ್ ತಣ್ಣಗಿರುವಾಗ ಹಿಸುಕಿ ನೋಡಿರಿ. ಕಲ್ಲಿನಂತೆ ಗಟ್ಟಿಯಾಗಿದ್ದರೂ, ಮೆತ್ತಗೆ ಉಬ್ಬಿದ್ದರೂ, ಬಿರುಕಿದ್ದರೂ ತೆಗೆಯತಕ್ಕದ್ದು. ಹಳೆಯ ಕೂಲಂಟ್ ಚೆಲ್ಲಿ ಹೊಸದನ್ನು ಹಾಕಿರಿ. ತುಕ್ಕು ತಡೆಯುವ ಅದರ ಗುಣ ಕಾಲಕ್ರಮದಲ್ಲಿ ತೀರಿಹೋಗುತ್ತದೆ. ಕೊಳವೆಬಾವಿಯ ನೀರು ಮಾತ್ರ ಬೇಡ. ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ.

ಪೆಟ್ರೋಲ್ ಹೋಸನ್ನು ಅಲಕ್ಷಿಸಬೇಡಿರಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತದೆ. ಹಳೆಯ ಕಾಲದ ರಬ್ಬರು ಇದನ್ನು ತಾಳದೆ ಉಬ್ಬಿ, ಸೀಳಿ ಸೋರಬಹುದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯೇ. ಎಥನಾಲಿಗೆ ತಾಳುವ ಹೋಸನ್ನೇ ಕೇಳಿ ಪಡೆಯಿರಿ. ಎಂಜಿನ್ ಆಯಿಲ್, ಫಿಲ್ಟರುಗಳನ್ನು ಹೇಗೂ ಬದಲಿಸುವಿರಿ.

‘ಬೋರು ಮಾಡಿಸಿಬಿಡಿ’ ಎಂದು ಯಾರಾದರೂ ಹೇಳಿದರೆ ಅವಸರ ಪಡಬೇಡಿರಿ. ಕಂಪ್ರೆಷನ್ ಪರೀಕ್ಷೆ ಮಾಡಿಸಿರಿ. ಮೂರೂ ಸಿಲಿಂಡರುಗಳ ಅಂಕಿ ಕೈಪಿಡಿಯಲ್ಲಿ ಹೇಳಿದ ಮಟ್ಟದಲ್ಲಿದ್ದು, ಒಂದಕ್ಕೊಂದು ಹತ್ತಿರವಿದ್ದರೆ ಆ ಹಣ ಉಳಿಯಿತು.

ಹಂಗಳದಿಂದ ಊಟಿಯ ಕಡೆ ಹೊರಟರೆ ಸಿಗುವುದು ಬಂಡೀಪುರದ ಕಾಡು. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿರ್ಬಂಧವಿದೆ. ಸಂಜೆಯ ಹೊತ್ತು ಆನೆಗಳು ದಾಟುವೆಡೆ ಬೆಲ್ಟು ಹರಿದು ನಿಂತರೆ ಮೆಕ್ಯಾನಿಕ್ ಬರಲಾರ, ಇಳಿದು ಬಾನೆಟ್ ತೆಗೆಯುವುದೂ ಅಪಾಯ. ಆದುದರಿಂದ ಹೊಸ ಭಾಗ ಹಾಕಿಸಿದ ಮೇಲೆ ಒಂದು ವಾರ ಗುಂಡ್ಲುಪೇಟೆಯವರೆಗಷ್ಟೇ ಓಡಾಡಿ, ಹೋಸಿನ ಕ್ಲಿಪ್ಪುಗಳನ್ನು ಮತ್ತೊಮ್ಮೆ ಬಿಗಿಮಾಡಿ, ಕೂಲಂಟಿನ ಮಟ್ಟ ನೋಡಿದ ನಂತರವೇ ಆ ದಾರಿ ಹಿಡಿಯಿರಿ.