ತುಲಾಭಾರದೊಳಗಿನ ಲ್ಯಾಟಿನ್ ನೆಂಟರು

ಸರ್ಕಾರಿ ನೌಕರರ ಬಾಯಲ್ಲಿ ಸದಾ ಇರುವ ‘ಟ್ರಾನ್ಸ್‌ಫರ್’, ಅನುವಾದಕರ ‘ಟ್ರಾನ್ಸ್‌ಲೇಷನ್’ ಎರಡೂ ಹುಟ್ಟಿದ್ದು ಒಂದೇ ಲ್ಯಾಟಿನ್ ಕ್ರಿಯಾಪದದಿಂದ. ಒಂದರಲ್ಲಿ ‘ಫರ್’, ಇನ್ನೊಂದರಲ್ಲಿ ‘ಲೇಟ್’; ಹೋಲಿಕೆಯೇ ಕಾಣದು. ಆದರೂ ಎರಡರ ತಾಯಿ ‘ಫೆರ್ರೆ’. ಅರ್ಥ: ಹೊರು, ಒಯ್ಯು, ತಾಳಿಕೊ.

ಲ್ಯಾಟಿನ್ ಕಲಿಯುವವರು ಇದನ್ನು ‘ಫೆರೊ, ಫೆರ್ರೆ, ತುಲಿ, ಲಾತುಮ್’ ಎಂದು ಉರು ಹೊಡೆಯುತ್ತಾರೆ. ‘ಹೊರುತ್ತೇನೆ’ ಎನ್ನಲು ಫೆರೊ, ‘ಹೊತ್ತೆ’ ಎನ್ನಲು ತುಲಿ. ಎರಡು ಬೇರೆ ಧಾತುಗಳು ಕೂಡಿ ಒಂದೇ ಕ್ರಿಯಾಪದವಾಗಿವೆ; ಇಂಗ್ಲಿಷಿನ ‘ಗೋ’, ‘ವೆಂಟ್’ ಕೂಡ ಹೀಗೆಯೇ ಜೋಡಿಯಾದವು. ಜರ್ಮನಿಯ ಭಾಷಾವಿಜ್ಞಾನಿ ಹರ್ಮನ್ ಓಸ್ಟ್‌ಹಾಫ್ 1899ರಲ್ಲಿ ಇಂಥ ಪದಗಳ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದರು.

‘ತುಲಿ’ಯ ಮೂಲಾರ್ಥ ಎತ್ತುವುದು. ಕ್ರಿಸ್ತಪೂರ್ವ 200ರ ಆಸುಪಾಸಿನ ನಾಟಕಕಾರ ಪ್ಲಾಟಸ್‌ನಲ್ಲಿ ಅದರ ಹಳೆಯ ರೂಪ ‘ತೆತುಲಿ’ ಸಿಗುತ್ತದೆ. ‘ಲಾತುಮ್’ ಕೂಡ ಇದೇ ಧಾತುವಿನದು: ಮೊದಲು ‘ತ್ಲಾತುಮ್’ ಎಂದಿದ್ದುದರ ತಕಾರ ಬಿದ್ದುಹೋಗಿದೆ. ತೂಕದ ಅರ್ಥದ ಗ್ರೀಕ್ ‘ತಲಾಂತೊನ್’ ಇದರ ಬಳಗ. ಸಂಸ್ಕೃತದ ‘ತುಲಾ’ ಕೂಡ.

ಇನ್ನು ‘ಫೆರ್’ ಧಾತು. ಅದರ ಸಂಸ್ಕೃತ ಜೊತೆಗಾರ ‘ಭೃ’. ಅದರಿಂದಲೇ ಭಾರ, ಭೃತ್ಯ, ನಾವು ಖರ್ಚು ‘ಭರಿಸುವ’ ಮಾತು. ಅಂದಮೇಲೆ ಲ್ಯಾಟಿನ್ ಭಾಷೆ ಒಂದೇ ಕ್ರಿಯಾಪದಕ್ಕಾಗಿ ಕೂಡಿಸಿಕೊಂಡ ಎರಡೂ ಧಾತುಗಳು ನಮ್ಮ ‘ತುಲಾಭಾರ’ದಲ್ಲಿ ಅಕ್ಕಪಕ್ಕ ಕೂತಿವೆ! ಹಂಪಿಯ ವಿಠ್ಠಲ ದೇವಾಲಯದ ಹತ್ತಿರದ ಕಲ್ಲಿನ ತುಲಾಭಾರ ನೋಡಿದವರಿಗೆ ಈ ನೆಂಟಸ್ತಿಕೆ ರೋಮಾಂಚನ ತರಬೇಕು.

ಇದು ಬರೀ ಧ್ವನಿಸಾಮ್ಯವಲ್ಲ ಎನ್ನಲು ಆಧಾರ? ಸಂಸ್ಕೃತದಲ್ಲಿ ಪದದ ಮೊದಲಿಗೆ ‘ಭ’ ಇದ್ದಲ್ಲಿ ಲ್ಯಾಟಿನ್‌ನಲ್ಲಿ ‘ಫ’, ಇಂಗ್ಲಿಷಿನಲ್ಲಿ ‘ಬ’ ಬರುತ್ತದೆ. ಭರತಿ, ಫೆರ್ತ್, ಬೇರ್. ಭ್ರಾತೃ, ಫ್ರಾತೆರ್, ಬ್ರದರ್. ಈ ಭಾಷೆಗಳಿಗೆ ಒಂದೇ ಮೂಲವಿರಬೇಕೆಂದು ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ಭಾಷಾವಿಜ್ಞಾನಿ ಫ್ರಾಂಜ್ ಬಾಪ್ 1816ರಲ್ಲಿ ಈ ಭಾಷೆಗಳ ಕ್ರಿಯಾಪದದ ಪ್ರತ್ಯಯಗಳನ್ನು ಸಾಲುಸಾಲಾಗಿ ಹೋಲಿಸಿ ತೋರಿಸಿದರು. ಜೋನ್ಸ್ ಮಾತೇ ಹೆಚ್ಚು ಪ್ರಸಿದ್ಧ. ನಿಜವಾದ ದುಡಿಮೆ ಬಾಪ್ ಅವರದು.

ಹಾಗಾದರೆ ಕನ್ನಡದ ‘ಹೊರು’? ಹಳಗನ್ನಡದಲ್ಲಿ ಅದು ‘ಪೊಱು’. ಫೆರೊ, ಬೇರ್‌ಗಳ ಹತ್ತಿರದ ಬಂಧುವೆಂದು ಯಾರಿಗಾದರೂ ಅನ್ನಿಸೀತು. ಅಲ್ಲ. ಅದರ ಒಡಹುಟ್ಟು ತಮಿಳಿನ ‘ಪೊಱು’, ಅಂದರೆ ತಾಳಿಕೊ. ಕನ್ನಡ, ತಮಿಳು, ತೆಲುಗುಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಬೇರೆಯೇ ಕುಟುಂಬದವು ಎಂದು ಮದರಾಸಿನ ಫ್ರಾನ್ಸಿಸ್ ವೈಟ್ ಎಲ್ಲಿಸ್ ಧಾತುಗಳನ್ನೇ ಹೋಲಿಸಿ ತೋರಿಸಿದ್ದರು. ಅದೂ 1816ರಲ್ಲೇ, ಕ್ಯಾಂಪ್‌ಬೆಲ್ ಅವರ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ. ಇದೇ ಕುಟುಂಬದ ಬಗ್ಗೆ ಕಾಲ್ಡ್‌ವೆಲ್ಲರ ಹೆಸರಾಂತ ಗ್ರಂಥ ಬಂದದ್ದು 40 ವರ್ಷ ತಡವಾಗಿ, 1856ರಲ್ಲಿ.

ಕನ್ನಡ ಪದಕ್ಕೂ ಯೂರೋಪಿನ ಪದಕ್ಕೂ ಗಂಟು ಹಾಕುವ ಪಟ್ಟಿಗಳು ಮೊಬೈಲಿಗೆ ಬರುತ್ತಲೇ ಇರುತ್ತವೆ. ಮುಂದೆ ಕಳಿಸುವ ಮೊದಲು ಅದೇ ಧ್ವನಿ ವ್ಯತ್ಯಾಸ ಇನ್ನೂ ನಾಲ್ಕು ಪದಗಳಲ್ಲಿ ಕಾಣುತ್ತದೆಯೇ ಎಂದು ದಯವಿಟ್ಟು ಪರೀಕ್ಷಿಸಿ ನೋಡಿ.