ರಿಪೋರ್ಟಿನ ಅಂಕಿ ಅಜ್ಜಿಯ ಹಣೆಬರಹವಲ್ಲ

ಮನೆಯ ಹಿರಿಯರು ಆಸ್ಪತ್ರೆ ಸೇರಿದರೆ ನಮ್ಮ ವಯಸ್ಸಿನವರಿಗೆ ಎರಡು ಕೆಲಸ ಖಾಯಂ. ಒಂದು, ರಾತ್ರಿ ಮಂಚದ ಪಕ್ಕ ಮಲಗುವುದು. ಇನ್ನೊಂದು, ರಕ್ತಪರೀಕ್ಷೆಯ ರಿಪೋರ್ಟ್ ಓದಿ ಹೇಳುವುದು. ಅದು ಇಂಗ್ಲಿಷಿನಲ್ಲಿರುತ್ತದೆ. ‘ಕಾಲೇಜಿಗೆ ಹೋಗ್ತೀಯಲ್ಲ, ಏನ್ ಬರದಾರ ನೋಡೋ’ ಎಂದು ಕೈಗೆ ಕೊಡುತ್ತಾರೆ. ನಮ್ಮ ಬಂಕಾಪುರದಲ್ಲಿ ಸಣ್ಣ ಜ್ವರಕ್ಕೆ ಊರಲ್ಲೇ ಔಷಧಿ, ಜೋರಾದರೆ ಹಾವೇರಿ, ಅದಕ್ಕೂ ಜೋರಾದರೆ ಹುಬ್ಬಳ್ಳಿ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಕೈಯಲ್ಲಿ ನಾಲ್ಕೈದು ರಿಪೋರ್ಟ್, ಅದರ ತುಂಬ ‘ಹೈ’, ‘ಲೋ’.

ಈ ಹೈ, ಲೋಗಳನ್ನು ನೋಡಿಯೇ ಎಷ್ಟೋ ಮನೆಗಳಲ್ಲಿ ದೊಡ್ಡ ನಿರ್ಧಾರ ಆಗಿಬಿಡುತ್ತದೆ: ಇನ್ನೂ ಖರ್ಚು ಮಾಡುವುದೋ, ಮನೆಗೆ ಕರೆದುಕೊಂಡು ಹೋಗುವುದೋ? ಹಾಗಾಗಿ ಆ ಅಂಕಿಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂಬುದು ನಮಗೆ ಗೊತ್ತಿರಬೇಕು.

ರಕ್ತ ಕೊಡುವ ಸುಳಿವು

ಹೆಚ್ಚು ಕೇಳಿಬರುವ ಹೆಸರು ಸಿಆರ್‌ಪಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಅವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡರು. ದೇಹದಲ್ಲಿ ಎಲ್ಲಿಯಾದರೂ ಸೋಂಕು, ಉರಿಯೂತ ಶುರುವಾದರೆ ಲಿವರ್ ಕೆಲವೇ ಗಂಟೆಗಳಲ್ಲಿ ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಕಾರಣ ತಗ್ಗಿದರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಮೊದಲ ದಿನದ ಅಂಕಿಗಿಂತ ಮೂರನೇ ದಿನಕ್ಕೆ ಅದು ಇಳಿಯಿತೇ ಎಂಬುದು ಹೆಚ್ಚು ಮುಖ್ಯ.

ವಯಸ್ಸಾದವರಲ್ಲಿ ಇಂಥ ಸುಳಿವಿಗೆ ಇನ್ನೂ ಬೆಲೆ. ಅವರಿಗೆ ಸೋಂಕಾದರೂ ಕೆಲವೊಮ್ಮೆ ಜ್ವರವೇ ಬರುವುದಿಲ್ಲ. ಊಟ ಬಿಡುತ್ತಾರೆ, ಏನೇನೋ ಮಾತಾಡುತ್ತಾರೆ. ‘ವಯಸ್ಸಾತು, ಅರಳುಮರಳು’ ಎಂದು ನಾವು ಸುಮ್ಮನಾಗುತ್ತೇವೆ.

ಅಲ್ಬುಮಿನ್ ಎಂಬ ಪ್ರೋಟೀನ್ ಡೆಸಿಲೀಟರಿಗೆ 3.5 ಗ್ರಾಂಗಿಂತ ಕಡಿಮೆ ಇದ್ದರೆ ಚೇತರಿಕೆ ನಿಧಾನ ಆಗಬಹುದು ಎಂಬುದು ವೈದ್ಯರ ಲೆಕ್ಕ. ಸಿಬಿಸಿ ಪರೀಕ್ಷೆಯಲ್ಲಿರುವ ನ್ಯೂಟ್ರೋಫಿಲ್ ಅನ್ನು ಲಿಂಫೋಸೈಟ್‌ನಿಂದ ಭಾಗಿಸಿದರೆ ಸಿಗುವ ಅನುಪಾತವೂ ಒಂದು ಸೂಚನೆ. ಅದಕ್ಕೆ ಬೇರೆ ದುಡ್ಡೂ ಬೇಕಿಲ್ಲ.

ಮೋಸ ಹೋಗುವ ಅಂಕಿಯೂ ಇದೆ. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಸೊರಗಿದ ಅಜ್ಜಿಯ ಮೈಯಲ್ಲಿ ಮಾಂಸವೇ ಕಡಿಮೆ. ಹೀಗಾಗಿ ಕಿಡ್ನಿ ಸೋತಿದ್ದರೂ ರಿಪೋರ್ಟ್ ‘ನಾರ್ಮಲ್’ ಎನ್ನಬಹುದು.

ವುಹಾನ್‌ನ ಪಾಠ

ಕೋವಿಡ್ ಹೊತ್ತಿನಲ್ಲಿ ಡಿ-ಡೈಮರ್, ಫೆರಿಟಿನ್ ಎಂಬ ಹೆಸರುಗಳು ನಮ್ಮ ಹಳ್ಳಿಕಟ್ಟೆಗೂ ಬಂದವು. 2020ರ ಮೇನಲ್ಲಿ ವುಹಾನ್‌ನ ಸಂಶೋಧಕರು 485 ರೋಗಿಗಳ ದತ್ತಾಂಶ ಇಟ್ಟುಕೊಂಡು ಮಷಿನ್ ಲರ್ನಿಂಗ್ ಮಾಡೆಲ್ ಒಂದನ್ನು ಪ್ರಕಟಿಸಿದರು. ಎಲ್‌ಡಿಎಚ್, ಲಿಂಫೋಸೈಟ್, ಸಿಆರ್‌ಪಿ, ಈ ಮೂರೇ ಅಂಕಿಗಳಿಂದ ಯಾರು ಬದುಕುತ್ತಾರೆ, ಯಾರಿಗೆ ಸಾವಿನ ಅಪಾಯವಿದೆ ಎಂದು ಶೇ 90ಕ್ಕಿಂತ ಹೆಚ್ಚು ನಿಖರವಾಗಿ ಹೇಳಬಹುದು ಎಂದರು. ಅದೇ ವರ್ಷ ನೆದರ್ಲೆಂಡ್ಸ್, ಫ್ರಾನ್ಸ್ ಮತ್ತು ನ್ಯೂಯಾರ್ಕಿನವರು ತಮ್ಮ ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದಾಗ ಆ ನಿಖರತೆ ಉಳಿಯಲಿಲ್ಲ.

ಒಂದು ಕಡೆಯ ದತ್ತಾಂಶದಿಂದ ಕಲಿತ ಮಾಡೆಲ್ ಇನ್ನೊಂದು ಕಡೆ ಎಡವುತ್ತದೆ ಎಂಬುದನ್ನು ಬಿಇ ಓದುವ ನಾವು ಪರೀಕ್ಷೆಗೆ ಎರಡು ಮಾರ್ಕಿನ ಉತ್ತರವಾಗಿ ಬರೆಯುತ್ತೇವೆ. ಆಸ್ಪತ್ರೆಯಲ್ಲಿ ಅದು ಒಬ್ಬರ ಜೀವದ ಪ್ರಶ್ನೆ. ಹಾಗಾಗಿ ನಮ್ಮ ಹಿರಿಯರ ರಕ್ತದ ಲೆಕ್ಕ ನಮ್ಮಲ್ಲೇ ಆಗಬೇಕು. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ರಕ್ತ, ಮಿದುಳು, ನೆನಪಿನ ಶಕ್ತಿಯನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದೆ. ಅದು ಆಸ್ಪತ್ರೆ ಸೇರಿದವರ ಅಧ್ಯಯನವಲ್ಲ. ಆದರೆ ಹಳ್ಳಿಯ ವೃದ್ಧರಿಗೆ ‘ನಾರ್ಮಲ್’ ಎಂದರೆ ಎಷ್ಟು ಎಂದು ತಿಳಿಯಲು ಇಂಥದ್ದೇ ಕೆಲಸ ಬೇಕು.

‘ಹೋದ ವಾರ ನಡೀತಿದ್ರಾ?’

ಹೋದ ಮಳೆಗಾಲ ನನ್ನ ಅಜ್ಜಿಗೆ ನ್ಯುಮೋನಿಯಾ ಆಗಿತ್ತು. ಸಿಆರ್‌ಪಿ ನೂರರ ಮೇಲಿತ್ತು. ಸಂಬಂಧಿಕರೊಬ್ಬರು ಮೊಬೈಲಿನಲ್ಲಿ ಹುಡುಕಿ, ‘ಇನ್ನ ಉಳಿಯೂದಿಲ್ಲ, ಊರಿಗೆ ಕರಕೊಂಡು ಹೋಗೂಣು’ ಎಂದರು. ಕಾಕಾ ಆಗಲೇ ಗಾಡಿಗೆ ಫೋನ್ ಹಚ್ಚಿದ್ದ. ರೌಂಡ್ಸ್‌ಗೆ ಬಂದ ಡಾಕ್ಟರ್ ರಿಪೋರ್ಟ್ ಕೆಳಗಿಟ್ಟು ಕೇಳಿದ್ದೇ ಬೇರೆ: ‘ಹೋದ ವಾರ ಅಜ್ಜಿ ತಾವೇ ನಡೀತಿದ್ರಾ? ತಾವೇ ಸ್ನಾನ ಮಾಡ್ತಿದ್ರಾ?’ ಎರಡಕ್ಕೂ ಹೌದು ಎಂದೆವು. ‘ಹಂಗಾದ್ರೆ ಮೂರು ದಿನ ನೋಡೋಣ’ ಎಂದರು.

ಈ ಪ್ರಶ್ನೆಯ ಹಿಂದೆಯೂ ವಿಜ್ಞಾನ ಇದೆ. ಕೆನಡಾದ ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು 2005ರಲ್ಲಿ ಕೊಟ್ಟ ಅಳತೆಪಟ್ಟಿ ವೃದ್ಧರ ದೇಹ ಎಷ್ಟು ನಿತ್ರಾಣವಾಗಿದೆ ಎಂದು ಹೇಳುತ್ತದೆ. ಅದು ಮುಖ್ಯವಾಗಿ ನೋಡುವುದು ಕಾಯಿಲೆ ಬರುವ ಮೊದಲು ಅವರು ಏನೇನು ತಾವೇ ಮಾಡಿಕೊಳ್ಳುತ್ತಿದ್ದರು ಎಂಬುದನ್ನು. 2003ರಲ್ಲಿ ಪ್ರಕಟವಾದ ನ್ಯುಮೋನಿಯಾದ ‘ಕರ್ಬ್-65’ ಲೆಕ್ಕದಲ್ಲೂ ಐದು ಅಂಶಗಳ ಪೈಕಿ ರಕ್ತದ್ದು ಯೂರಿಯಾ ಒಂದೇ. ಉಳಿದವು ಗೊಂದಲ, ಉಸಿರಾಟದ ವೇಗ, ಬಿಪಿ, ವಯಸ್ಸು.

ಮೂರನೇ ದಿನ ಸಿಆರ್‌ಪಿ ಇಳಿಯಿತು. ಒಂಬತ್ತನೇ ದಿನ ಅಜ್ಜಿ ಮನೆಗೆ ಬಂದಳು. ಆದರೆ ಮೊದಲಿನಂತಲ್ಲ, ಈಗ ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕು. ಬದುಕಿದರು ಅಥವಾ ಹೋದರು ಎಂಬಷ್ಟೇ ಫಲಿತಾಂಶ ಅಲ್ಲ, ಮರಳಿ ಬಂದು ಹೇಗೆ ಬದುಕುತ್ತಾರೆ ಎಂಬುದೂ ಫಲಿತಾಂಶವೇ. ಮೊದಲ ದಿನದ ಆ ಒಂದು ಅಂಕಿಯಲ್ಲಿ ಇದ್ಯಾವುದೂ ಬರೆದಿರಲಿಲ್ಲ.

ನಾವೇನು ಮಾಡಬಹುದು?

ಇಂಥ ಅಂಕಿ ಇರುವ ನೂರು ಜನರಲ್ಲಿ ಇಪ್ಪತ್ತು ಮಂದಿಗೆ ಅಪಾಯ ಎಂದಿಟ್ಟುಕೊಳ್ಳಿ. ಹಾಗಾದರೆ ಎಂಬತ್ತು ಮಂದಿ ಮನೆಗೆ ಹೋಗುತ್ತಾರೆ. ನಮ್ಮ ಅಜ್ಜಿ ಯಾವ ಗುಂಪಿನವಳು ಎಂದು ಅಂಕಿ ಹೇಳದು. ಯಾರ ಮೇಲೆ ಹೆಚ್ಚು ನಿಗಾ ಬೇಕು, ಯಾರನ್ನು ಬೇಗ ದೊಡ್ಡಾಸ್ಪತ್ರೆಗೆ ಕಳಿಸಬೇಕು ಎಂಬುದಕ್ಕೆ ಮಾತ್ರ ಅದು ದಾರಿ.

ಆದ್ದರಿಂದ ಗೆಳೆಯರೇ, ಮುಂದಿನ ಸಲ ರಿಪೋರ್ಟ್ ನಿಮ್ಮ ಕೈಗೆ ಬಂದಾಗ ಮೊಬೈಲ್ ತೆಗೆಯುವ ಮೊದಲು ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿಡಿ. ಹಿರಿಯರು ಕಳೆದ ಹದಿನೈದು ದಿನ ಹೇಗೆ ತಿಂದರು, ನಡೆದರು, ಮಾತಾಡಿದರು ಎಂದು ಒಂದು ಹಾಳೆಯಲ್ಲಿ ಬರೆದು ಡಾಕ್ಟರಿಗೆ ಕೊಡಿ. ‘ಈ ಅಂಕಿ ನಿನ್ನೆಗಿಂತ ಏರಿದೆಯೋ, ಇಳಿದಿದೆಯೋ? ಮನೆಗೆ ಬಂದ ಮೇಲೆ ಅವರು ಮತ್ತೆ ನಡೆಯಲು ನಾವೇನು ಮಾಡಬೇಕು?’ ಎಂದು ಕೇಳಿ. ಲ್ಯಾಬಿನಲ್ಲಿ ಒಂದು ಹನಿ ರಕ್ತದಿಂದ ಬಹಳಷ್ಟು ತಿಳಿಯುತ್ತದೆ, ನಿಜ. ಆದರೆ ಹೋದ ವಾರ ಅಜ್ಜಿ ಅಂಗಳ ಗುಡಿಸಿದ್ದಳು ಎಂಬುದನ್ನು ಡಾಕ್ಟರಿಗೆ ಮನೆಯವರೇ ಹೇಳಬೇಕು.