ವೈರ್‌ಶಾರ್ಕ್ ತಂತ್ರಾಂಶದಲ್ಲಿ ಸಂಯುಕ್ತ ಫಿಲ್ಟರ್‌ಗಳ ರಚನೆ: ಆನ್‌ಲೈನ್ ಅರ್ಜಿದಾರರ ಮಾಹಿತಿಗಾಗಿ

ಆನ್‌ಲೈನ್ ಅರ್ಜಿಯ ಶುಲ್ಕ ಪಾವತಿಯಾಗಿಯೂ ಸ್ವೀಕೃತಿ ಸಂಖ್ಯೆ ಬಾರದಿರುವ ದೂರುಗಳಲ್ಲಿ, ಕೋರಿಕೆಯು ಅರ್ಜಿದಾರರ ಗಣಕಯಂತ್ರದಿಂದ ಹೊರಟಿತ್ತೇ, ಸರ್ವರ್ ಉತ್ತರಿಸಿತ್ತೇ ಎಂಬುದು ಮೊದಲು ಇತ್ಯರ್ಥವಾಗಬೇಕು. ಇದರ ಪರಿಶೀಲನೆಗೆ ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶವನ್ನು ಬಳಸಬಹುದಾಗಿದೆ. 1998ರಲ್ಲಿ ಈಥೀರಿಯಲ್ ಎಂಬ ಹೆಸರಿನಿಂದ ಹೊರಬಂದ ಸದರಿ ತಂತ್ರಾಂಶಕ್ಕೆ ಈಗಿನ ಹೆಸರು ಬಂದಿದ್ದು 2006ರಲ್ಲಿ. ಕೆಲವೇ ನಿಮಿಷಗಳಲ್ಲಿ ಸಾವಿರಾರು ಪ್ಯಾಕೆಟ್‌ಗಳು ದಾಖಲಾಗುವುದರಿಂದ ಫಿಲ್ಟರ್ ಅನಿವಾರ್ಯ. ಅದು ತಪ್ಪಾದಲ್ಲಿ ದೋಷವು ವಿನಾಕಾರಣ ಸರ್ವರ್‌ನ ಮೇಲೋ ಅರ್ಜಿದಾರರ ಮೇಲೋ ಬೀಳುತ್ತದೆ. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನಾಂಕ ಮುಗಿದಿರಲೂಬಹುದು.

ದಾಖಲಿಸುವ ಮುನ್ನ ಹಾಕುವ ಕ್ಯಾಪ್ಚರ್ ಫಿಲ್ಟರ್ ಕೈಬಿಟ್ಟ ಪ್ಯಾಕೆಟ್ ಮತ್ತೆ ದೊರೆಯುವುದಿಲ್ಲ. ಡಿಸ್‌ಪ್ಲೇ ಫಿಲ್ಟರ್ ಮರೆಮಾಡುತ್ತದೆಯಷ್ಟೆ. ಆದ್ದರಿಂದ ಎರಡನೆಯದನ್ನೇ ಬಳಸುವುದು ಸೂಕ್ತ.

ಹೆಚ್ಚಿನ ಗೊಂದಲ ಇರುವುದು 'ಸಮವಲ್ಲ' ಎಂಬ ಚಿಹ್ನೆಯಲ್ಲಿ. ಲೆಕ್ಕದ ಪುಸ್ತಕದ ಪ್ರತಿ ನಮೂದಿಗೆ ಜಮಾ ಮತ್ತು ಖರ್ಚು ಎಂಬ ಎರಡು ಪಕ್ಕಗಳಿರುವಂತೆ, ಪ್ರತಿ ಐಪಿ ಪ್ಯಾಕೆಟ್‌ಗೆ ಕಳುಹಿಸಿದವರ ಹಾಗೂ ಪಡೆಯುವವರ ವಿಳಾಸಗಳಿರುತ್ತವೆ. ಐಪಿ ವಿಳಾಸವು 192.168.1.10ಕ್ಕೆ ಸಮವಲ್ಲ ಎಂದು ಹಳೆಯ ಆವೃತ್ತಿಗಳಲ್ಲಿ ಬರೆದರೆ, ಎರಡರಲ್ಲಿ ಒಂದು ವಿಳಾಸ ಬೇರೆಯಾಗಿದ್ದರೂ ಸಾಕು, ಪ್ಯಾಕೆಟ್ ಪಟ್ಟಿಯಲ್ಲಿ ಉಳಿಯುತ್ತಿತ್ತು. ಅಂದರೆ ಆ ಯಂತ್ರದ ಪ್ಯಾಕೆಟ್‌ಗಳು ಮರೆಯಾಗುತ್ತಲೇ ಇರಲಿಲ್ಲ. 2021ರ 3.6ನೇ ಆವೃತ್ತಿಯಿಂದ ಇದನ್ನು ಸರಿಪಡಿಸಲಾಗಿದೆ. ಆದರೂ 'ಸಮ' ಎಂಬ ಷರತ್ತನ್ನು ಆವರಣದಲ್ಲಿಟ್ಟು, ಅದರ ಮುಂದೆ ನಿಷೇಧ ಚಿಹ್ನೆ ಹಾಕಿದಲ್ಲಿ ಯಾವ ಆವೃತ್ತಿಯಲ್ಲೂ ಒಂದೇ ಫಲಿತಾಂಶ ಬರುತ್ತದೆ.

'ಮತ್ತು', 'ಅಥವಾ' ಸೇರಿದ ಷರತ್ತುಗಳಿಗೂ ಆವರಣ ಹಾಕತಕ್ಕದ್ದು. 2022ರ 4.0 ಆವೃತ್ತಿಯಿಂದ 'ಮತ್ತು' ಎಂಬುದಕ್ಕೆ ಆದ್ಯತೆ ಇದೆ. 'ಪೋರ್ಟ್ 53 ಅಥವಾ ಪೋರ್ಟ್ 443 ಮತ್ತು ಇಂತಹ ವಿಳಾಸ' ಎಂದು ಆವರಣವಿಲ್ಲದೆ ಬರೆದರೆ, 53ನೇ ಪೋರ್ಟ್‌ನ ಎಲ್ಲ ಯಂತ್ರಗಳ ಪ್ಯಾಕೆಟ್‌ಗಳೂ ಬಂದುಬಿಡುತ್ತವೆ. ಫಿಲ್ಟರ್ ಪಟ್ಟಿ ಹಸಿರಾದರೆ ವ್ಯಾಕರಣ ಸರಿ ಎಂದಷ್ಟೇ ಅರ್ಥ, ಉದ್ದೇಶ ಸರಿ ಎಂದಲ್ಲ.

ಬರೆಯಲು ಅಭ್ಯಾಸವಿಲ್ಲದವರು ಬೇಕಾದ ಪ್ಯಾಕೆಟ್‌ನ ವಿವರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ 'ಪ್ರಿಪೇರ್ ಆಸ್ ಫಿಲ್ಟರ್' ಆಯ್ಕೆ ಮಾಡಬಹುದು. ಷರತ್ತು ಪಟ್ಟಿಗೆ ಸೇರುತ್ತದೆ, ಆದರೆ ಎಂಟರ್ ಒತ್ತುವವರೆಗೆ ಜಾರಿಯಾಗುವುದಿಲ್ಲ. ನಡುವೆ ಓದಿ ತಿದ್ದಲು ಅವಕಾಶವಿದೆ.

ದೂರಿನೊಂದಿಗೆ ಪೂರ್ಣ ಕಡತವನ್ನು ಲಗತ್ತಿಸಬಾರದು. ಗೂಢಲಿಪೀಕರಣವಿಲ್ಲದ ತಾಣಗಳ ಗುಪ್ತಪದಗಳು ಅದರಲ್ಲಿ ಹಾಗೆಯೇ ಓದಲು ಸಿಗುತ್ತವೆ. ಫೈಲ್ ಮೆನುವಿನ 'ಎಕ್ಸ್‌ಪೋರ್ಟ್ ಸ್ಪೆಸಿಫೈಡ್ ಪ್ಯಾಕೆಟ್ಸ್'ನಲ್ಲಿ 'ಡಿಸ್‌ಪ್ಲೇಡ್' ಎಂಬುದನ್ನು ಆರಿಸಿ, ಸಂಬಂಧಿಸಿದ ಪ್ಯಾಕೆಟ್‌ಗಳನ್ನು ಮಾತ್ರ ಬೇರೆ ಕಡತವಾಗಿ ಉಳಿಸತಕ್ಕದ್ದು. ಸ್ವಂತ ಗಣಕಯಂತ್ರದಲ್ಲಿ ಹೊರತು, ಅನುಮತಿಯಿಲ್ಲದೆ ಇತರರ ಜಾಲದಲ್ಲಿ ದಾಖಲಿಸಕೂಡದು.